ಇನ್ನೂ ಹಳದಿನೇ

ನನ್ನ ತಂಗಿಯ ಗಂಡ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಬಾಯಿಗೆ ಬಂದ ಹಾಗೆ ಬೈದು, ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಒಳ್ಳೆಯವನು, ಅದೇ ಕಷ್ಟ. ಎದುರಿಗೆ ಬಂದರೆ 'ನೀವು' ಅಂತೀನಿ, ಬೆನ್ನು ತಿರುಗಿಸಿದರೆ 'ಅವನು' ಅಂತೀನಿ. ಆದರೆ ಅವನ ಬಗ್ಗೆ ಬೇರೆ ಯಾರಾದರೂ ಒಂದು ಮಾತು ಹೆಚ್ಚು ಆಡಿದರೋ, ಅವರ ಮೈಮೇಲೆ ಬೀಳ್ತೀನಿ.

ಕಟ್ಟಡದವರೆಲ್ಲ ಸೇರಿ ಅವನಿಗೆ ಇಟ್ಟ ಹೆಸರು ಹನಿಯಪ್ಪ. ಊರಿಗೆ ನೀರು ಬಿಡೋ ಕಚೇರಿಯ ಹಿಂಭಾಗದಲ್ಲಿ ಒಂದು ಪರೀಕ್ಷಾ ಕೋಣೆ ಇದೆ. ಅಲ್ಲಿ ನೀರಿನಲ್ಲಿ ಉಪ್ಪಿನ ಅಂಶ ಎಷ್ಟಿದೆ ಅಂತ ನೋಡೋದೇ ಅವನ ಕೆಲಸ. ಅದಕ್ಕೆ ಕ್ಲೋರೈಡ್ ಅನ್ನಬೇಕಂತೆ. ಉಪ್ಪು ಅಂದರೆ ಅವನ ಮುಖ ಕಹಿಯಾಗುತ್ತೆ. ಗಾಜಿನ ಬುದ್ದಲಿಗೆ, ಅಂದರೆ ಕತ್ತು ಸಣ್ಣಗಿರೋ ಸೀಸೆಗೆ, ನೀರು ಹಾಕೋದು, ಅದಕ್ಕೆ ಹಳದಿ ಔಷಧ ಬೆರೆಸೋದು. ಮೇಲೆ ಬ್ಯೂರೆಟ್ ಅಂತ ಉದ್ದನೆಯ ಗಾಜಿನ ಕೊಳವೆ, ಅದರ ತುದಿಗೆ ಪುಟ್ಟ ನಲ್ಲಿ. ಕೊಳವೆಯ ತುಂಬ ಬೆಳ್ಳಿ ಕರಗಿಸಿದ ದ್ರಾವಣ. ಅದನ್ನ ಹನಿಹನಿಯಾಗಿ ಬಿಡ್ತಾ ಬುದ್ದಲಿ ಅಲ್ಲಾಡಿಸಬೇಕು. ಹನಿ ಬಿದ್ದ ಕಡೆ ಕೆಂಪಾಗುತ್ತೆ, ಅಲ್ಲಾಡಿಸಿದರೆ ಮಾಯವಾಗುತ್ತೆ. ನೀರಿನಲ್ಲಿ ಉಪ್ಪು ಇರೋ ತನಕ ಹೀಗೇ. ಉಪ್ಪು ಮುಗಿದ ಮೇಲೆ ಒಂದು ಹನಿಗೆ ತೆಳ್ಳನೆಯ ಕೆಂಪು ಬಂದು ನಿಂತುಬಿಡುತ್ತೆ. ಆ ಕ್ಷಣವೇ ನಲ್ಲಿ ಮುಚ್ಚಿ, ಎಷ್ಟು ಬೆಳ್ಳಿ ಖರ್ಚಾಯ್ತು ಅಂತ ನೋಡಿದರೆ ಎಷ್ಟು ಉಪ್ಪಿತ್ತು ಅಂತ ಗೊತ್ತಾಗುತ್ತೆ.

ನನಗೆ ಇದೆಲ್ಲ ಹೇಗೆ ಗೊತ್ತು ಅಂತೀರಾ? ನಮ್ಮ ಯಜಮಾನರು ಹಲ್ಲು ಕೀಳಿಸಿಕೊಂಡು ದವಡೆಗೆ ಹತ್ತಿ ತುರುಕಿಕೊಂಡು ಕೂತಿದ್ದಾಗ, ಯೋಗಕ್ಷೇಮ ವಿಚಾರಿಸೋಕೆ ಬಂದವನು ಇಡೀ ಪಾಠ ಮಾಡಿ ಹೋದ. ಬಾಯಿ ತೆರೆಯಲಾಗದ ಮನುಷ್ಯ ಸಿಕ್ಕಿದ್ದು ಅವನ ಭಾಗ್ಯ. ಆ ಬೆಳ್ಳಿ ದ್ರಾವಣ ತಗುಲಿ ಅವನ ಬೆರಳೆಲ್ಲ ಕಪ್ಪು. ಉಜ್ಜಿದರೂ ಹೋಗಲ್ಲ. ಬೇರೆಯವರಾಗಿದ್ದರೆ ಕೈ ಮುಚ್ಚಿಕೊಳ್ಳೋರು. ಇವನು ಉಂಗುರ ತೋರಿಸೋ ಹಾಗೆ ತೋರಿಸಿಕೊಂಡು ಓಡಾಡೋನು.

ಅವನ ಈ ವಿದ್ಯೆಗೆ ಕಿವಿ ಕೊಡದೇ ಇದ್ದ ಒಂದೇ ಜೀವ ನನ್ನ ತಂಗಿ. ಮಕ್ಕಳಿಲ್ಲದ ಮನೆ, ಇಬ್ಬರೇ. ಅವನು "ಇವತ್ತು ಏನಾಯ್ತು ಗೊತ್ತಾ, ಕೆಂಪು ಬಂದೇ ಬಿಡ್ತು ಅನ್ನೋಷ್ಟರಲ್ಲಿ..." ಅಂತ ಶುರು ಮಾಡಿದರೆ ಅವಳಿಗೆ ಅಡುಗೆಮನೆಯಲ್ಲಿ ಏನೋ ಉಕ್ಕುತ್ತಿರೋದು. ಒಲೆ ಹಚ್ಚದೇ ಇದ್ದಾಗಲೂ ಉಕ್ಕುತ್ತಿತ್ತು. ಅವನು ಗೋಡೆಗೆ ಉಳಿದದ್ದು ಹೇಳಿ ಮುಗಿಸಿ, ಪೇಪರ್ ತೆಗೆದುಕೊಂಡು ವರಾಂಡಕ್ಕೆ ಹೋಗಿಬಿಡೋನು. ಹೀಗೇ ಸಂಸಾರ ನಡೆದಿತ್ತು. ಜಗಳವೂ ಇಲ್ಲ, ಮಾತೂ ಇಲ್ಲ.

ಒಂದು ಬೆಳಗ್ಗೆ ನಾನು ಜರಡಿ ವಾಪಸು ಕೊಡೋಕೆ ಮೇಲೆ ಹೋಗಿದ್ದೆ. ಅವರ ಮನೆ ನಮ್ಮ ತಲೆಯ ಮೇಲೇ ಇರೋದು. ತಂಗಿ ಲೋಟ ಎತ್ತಿ ನೀರು ಕುಡಿದಳು, ಮುಖ ಕಿವುಚಿದಳು.

"ರೀ, ಈ ನೀರು ಉಪ್ಪುಪ್ಪಾಗಿದೆ."

ಹನಿಯಪ್ಪ ಷೂ ಕಟ್ಟಿಕೊಳ್ತಿದ್ದವನು ಹಾಗೇ ನಿಂತ. "ಏನಂದೆ?"

"ಉಪ್ಪುಪ್ಪಾಗಿದೆ ಅಂದೆ."

"ಇನ್ನೊಂದು ಸಲ ಹೇಳು."

"ಕಿವಿ ಕೇಳಲ್ವಾ ನಿಮಗೆ?"

ಕೇಳಿತ್ತು, ಚೆನ್ನಾಗೇ ಕೇಳಿತ್ತು. ಮದುವೆಯಾದ ಮೇಲೆ ಮೊದಲ ಸಲ ಹೆಂಡತಿ ಅವನ ಕೆಲಸದ ಬಾಗಿಲು ತಟ್ಟಿದ್ದಳು. ಒಂದು ಕಾಲಿಗೆ ಷೂ, ಒಂದು ಕಾಲು ಬರಿ, ಅದರಲ್ಲೇ ಕಚೇರಿಗೆ ಓಡಿ ರಜೆ ಹೇಳಿ, ಪರೀಕ್ಷಾ ಕೋಣೆಯಲ್ಲಿದ್ದ ಹಳೇ ಸಾಮಾನೆಲ್ಲ ಚೀಲಕ್ಕೆ ತುಂಬಿಕೊಂಡು ಬಂದ. ಊಟದ ಮೇಜಿನ ಮೇಲೆ ಬ್ಯೂರೆಟ್ ನಿಲ್ಲಿಸಿ ಹನಿ ಬಿಟ್ಟು ನೋಡಿದ. ನೀರು ಚೊಕ್ಕವಾಗಿತ್ತು. ಯಾವತ್ತೂ ಇರೋ ಹಾಗೇ ಇತ್ತು.

"ಸರಿಯಾಗಿದೆ ಕಣೇ."

"ಸರಿ ಬಿಡಿ. ನಿಮ್ಮ ಗಾಜಿಗೆ ಸಪ್ಪೆ, ನನ್ನ ಬಾಯಿಗೆ ಉಪ್ಪು," ಅಂತ ತಂಗಿ ಏಳೋಕೆ ಹೊರಟಳು.

ಅವನ ಮುಖ ನೋಡಬೇಕಿತ್ತು. ಆಟಿಕೆ ಕೊಟ್ಟು ಕಿತ್ತುಕೊಂಡ ಹಾಗಾಗಿತ್ತು. "ಇರು, ಇರು! ನನ್ನ ಕಣ್ಣು ಹಳೇದಾಯ್ತು. ನೀನೇ ನೋಡು. ಕೆಂಪು ಬಂದು ನಿಂತ ತಕ್ಷಣ ಹೇಳು."

ಅವಳು ಕೂತಳು. ಅವನು ಹನಿ ಬಿಟ್ಟ.

"ಕೆಂಪಾ?"

"ಇನ್ನೂ ಹಳದಿನೇ."

"ಈಗ?"

"ಹಳದಿನೇ ರೀ."

ಬುದ್ದಲಿಯೊಳಗೆ ಇಟ್ಟಿಗೆ ಅರೆದು ಕಲಸಿದ ಹಾಗಾಗಿತ್ತು. "ಅಲ್ವೇ, ಇದು..." ಅಂತ ನಾನು ಬಾಯಿ ತೆಗೆದೆ. ಮೇಜಿನ ಕೆಳಗೆ ನನ್ನ ಕಾಲಿನ ಮೇಲೆ ಅವಳ ಕಾಲು ಬಿತ್ತು. ಅಕಸ್ಮಾತ್ ತಗುಲಿರಬೇಕು ಅಂದುಕೊಂಡು ಕಾಲು ಎಳೆದುಕೊಂಡೆ. ಹನಿಯಪ್ಪನಿಗೆ ಕಣ್ಣಿರಲಿಲ್ಲವೇ ಅಂತ ಕೇಳ್ತೀರಿ. ಇತ್ತು. ಇಡೀ ಊರಿನ ಕೆಂಪು ನೋಡಿದ ಕಣ್ಣು ಅದು. ಆದರೆ ಅವನು ಬುದ್ದಲಿ ನೋಡ್ತಿರಲಿಲ್ಲ, ಅವಳ ಮುಖ ನೋಡ್ತಿದ್ದ.

"ಹಾಂ, ಈಗ ಕೆಂಪು," ಅಂದಳು ಕೊನೆಗೆ. ಲೆಕ್ಕ ಹಾಕಿದರೆ ಸಮುದ್ರವೇ ಮನೆಯೊಳಗೆ ಬಂದಿತ್ತು. "ನೋಡಿದ್ಯಾ! ನೀನು ಹೇಳಿದ್ದೇ ಸರಿ!" ಅಂತ ಹನಿಯಪ್ಪ ಕುಣಿದ. ನೀರು ಕೆಟ್ಟಿದೆ ಅಂತ ಅಷ್ಟು ಸಂತೋಷಪಟ್ಟ ಮನುಷ್ಯನನ್ನ ನಾನು ಬೇರೆ ಎಲ್ಲೂ ಕಂಡಿಲ್ಲ.

ಮಧ್ಯಾಹ್ನದೊಳಗೆ ಕಟ್ಟಡಕ್ಕೆಲ್ಲ ಸುದ್ದಿ ಹಬ್ಬಿತು. ಅಲ್ಲಿಯವರೆಗೆ ಅದೇ ನೀರು ಕುಡಿದು ತೇಗಿದವರೆಲ್ಲ ಮೆಟ್ಟಿಲ ಮೇಲೆ ಸೇರಿ ನಾಲಗೆ ಚಪ್ಪರಿಸೋಕೆ ಶುರು ಮಾಡಿದರು. ಎದುರು ಮನೆಯ ನಿವೃತ್ತ ಮೇಷ್ಟ್ರು, "ನನಗೆ ಎಂದೋ ಅನುಮಾನ ಬಂದಿತ್ತು, ಹೇಳಿದರೆ ಯಾರು ಕೇಳ್ತಾರೆ ಅಂತ ಸುಮ್ಮನಿದ್ದೆ," ಅಂದರು. ಆ ಮನುಷ್ಯ ಯಾವತ್ತಾದರೂ ಸುಮ್ಮನಿದ್ದದ್ದು ಯಾರೂ ನೋಡಿಲ್ಲ. ಕಟ್ಟಡದ ಕಾರ್ಯದರ್ಶಿಯ ಕುಂಡದ ಗಿಡ ಒಣಗಿದ್ದೂ ಉಪ್ಪಿನಿಂದಲೇ. ನಮ್ಮ ಯಜಮಾನರು ತಲೆ ಸವರಿಕೊಂಡು, "ಕೂದಲು ಉದುರಿದ್ದಕ್ಕೆ ಇವತ್ತು ಕಾರಣ ಸಿಕ್ತು," ಅಂದರು. ನನ್ನನ್ನ ನೋಡೋಕೆ ಬಂದ ದಿನವೇ ಬೋಳಾಗಿದ್ದ ತಲೆ ಅದು!

ತೊಟ್ಟಿ ತೊಳೆಸಿದರು. ಒಂಟಿ ಚಪ್ಪಲಿ ಸಿಕ್ಕಿತು, ಉಪ್ಪು ಸಿಗಲಿಲ್ಲ. ಕಾರ್ಯದರ್ಶಿ ಎಲ್ಲರ ಸಹಿ ಹಾಕಿಸಿ ಕಚೇರಿಗೆ ದೂರು ಕೊಟ್ಟ. ಆ ದೂರು ಸುತ್ತಿ ಸುತ್ತಿ ಕೊನೆಗೆ ಬಂದು ಬಿದ್ದದ್ದು ಹನಿಯಪ್ಪನ ಮೇಜಿನ ಮೇಲೇ. ತಾನೇ ಸಹಿ ಹಾಕಿದ ದೂರನ್ನ ತಾನೇ ತೆರೆದು ಓದಿ, "ವಿಷಯ ಗಂಭೀರವಾಗಿದೆ" ಅಂತ ಷರಾ ಬರೆದು ಇಂಜಿನಿಯರಿಗೆ ಕಳಿಸಿದ.

ಇಂಜಿನಿಯರು ಬಂದರು. ಕಟ್ಟಡದ ಅಂಗಳದಲ್ಲಿ ಮೇಜು ಹಾಕಿದರು. ಮೊದಲು ಒಂದು ಲೋಟ ಕುಡಿದು, "ಸಪ್ಪೆ," ಅಂದರು. ಆಮೇಲೆ ಬ್ಯೂರೆಟ್ ನಿಲ್ಲಿಸಿ ಹನಿ ಬಿಟ್ಟರು. ತೆಳ್ಳನೆಯ ಕೆಂಪು ಬಂದು ನಿಂತಿತು, ನಲ್ಲಿ ಮುಚ್ಚಿದರು. "ನೀರು ಚೆನ್ನಾಗಿದೆ. ಯಾರ್ರೀ ಕೆಟ್ಟಿದೆ ಅಂದಿದ್ದು?"

"ಸಾರ್, ಇನ್ನೂ ಕೆಂಪಾಗಿಲ್ಲ," ಅಂದ ಹನಿಯಪ್ಪ.

"ಏನ್ರೀ, ಕೂದಲು ಬೆಳ್ಳಗಾಗೋ ತನಕ ಇದೇ ಕೆಲಸ ಮಾಡಿದ್ದೀರಿ. ಇದು ಕೆಂಪಲ್ವಾ?"

"ನನ್ನ ಹೆಂಡತಿ ಬಂದು ನೋಡಲಿ ಸಾರ್."

"ನಮ್ಮ ಇಲಾಖೇಲಿ ನಿಮ್ಮ ಹೆಂಡತೀದು ಯಾವ ಹುದ್ದೆ?"

ಜನ ಗೊಳ್ಳೆಂದು ನಕ್ಕರು. ಅಷ್ಟರಲ್ಲಿ ತಂಗಿ ಮೆಟ್ಟಿಲಿಳಿದು ಬಂದಳು. ಒಂದು ಅಂತಸ್ತು ಇಳಿಯೋಷ್ಟರಲ್ಲಿ ಏದುಸಿರು ಬಂದು, ಕೊನೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳ ಪಾದ ಚಪ್ಪಲಿಯಿಂದ ಹೊರಗೆ ಉಬ್ಬಿ ನಿಂತಿತ್ತು.

"ನೋಡಿ ಸಾರ್, ನೋಡಿ!" ಮೇಷ್ಟ್ರು ಕೈ ಚಾಚಿದರು. "ನಿಮ್ಮ ನೀರು ಕುಡಿದು ಆ ಹೆಣ್ಣುಮಗಳ ಕಾಲು ಹೇಗೆ ಊದಿದೆ!"

ಇಂಜಿನಿಯರು ಅವಳನ್ನ ಒಂದು ಗಳಿಗೆ ನೋಡಿದರು. ದನಿ ಇಳಿಸಿ, "ಇವರನ್ನ ಡಾಕ್ಟರಿಗೆ ತೋರಿಸಿ," ಅಂದರು. ಅವತ್ತು ಆ ಅಂಗಳದಲ್ಲಿ ಯಾರಾದರೂ ಒಂದು ಸರಿಯಾದ ಮಾತಾಡಿದ್ದರೆ ಅದು ಅದೇ.

ನಾವು ಬಿಡಬೇಕಲ್ಲ! "ಆಹಾ! ತಮ್ಮ ತಪ್ಪು ಮುಚ್ಚೋಕೆ ಜನರನ್ನ ರೋಗಿಷ್ಟರು ಅಂತಾರೆ!" ಅಂತ ಕಾರ್ಯದರ್ಶಿ ಕೂಗಿದ. ಕುಂಡದ ಗಿಡವನ್ನೂ ಡಾಕ್ಟರಿಗೆ ತೋರಿಸಬೇಕಾ ಅಂತ ಇನ್ನೊಬ್ಬರು. ಹನಿಯಪ್ಪ ಮುಂದೆ ಬಂದು ಮೇಲಧಿಕಾರಿಯ ಮೂಗಿನ ಮುಂದೆ ಕಪ್ಪು ಬೆರಳು ಆಡಿಸಿದ. "ಸಾರ್, ನೀವು ನನ್ನನ್ನ ಏನು ಬೇಕಾದ್ರೂ ಅನ್ನಿ. ನನ್ನ ಹೆಂಡತಿ ಸುಳ್ಳು ಹೇಳಲ್ಲ. ಅವಳು ಉಪ್ಪು ಅಂದ್ರೆ ಉಪ್ಪು!" ಜನ ಚಪ್ಪಾಳೆ ತಟ್ಟಿದರು. ಇಂಜಿನಿಯರು ತಾವು ತಂದಿದ್ದ ಬ್ಯೂರೆಟ್ ಬಿಚ್ಚಿ ಪೆಟ್ಟಿಗೆಗೆ ಹಾಕಿಕೊಂಡು, ರಜೆ ತಗೊಂಡು ಸ್ವಲ್ಪ ದಿನ ಮನೇಲಿರಿ ಅಂತ ಅವನಿಗೆ ಹೇಳಿ ಹೋದರು. ಮೆಟ್ಟಿಲ ಮೇಲೆ ಕೂತಿದ್ದ ನನ್ನ ತಂಗಿ ಗಂಡನನ್ನೇ ನೋಡ್ತಾ ಇದ್ದಳು. ಮದುವೆಯ ದಿನವೂ ಅವಳು ಹಾಗೆ ನೋಡಿರಲಿಲ್ಲ.

ಆಮೇಲಿನ ದಿನಗಳನ್ನ ನೆನೆಸಿಕೊಂಡರೆ ನನಗೆ ನಗು ಬರುತ್ತೆ, ಹಿಂದೆಯೇ ನನ್ನ ಮೇಲೆ ನನಗೇ ಸಿಟ್ಟು ಬರುತ್ತೆ. ಅವಳಿಗೆ ಸಪ್ಪೆ ನೀರು ಹುಡುಕಿಯೇ ತೀರ್ತೀನಿ ಅಂತ ಅವನು ಹಟ ಹಿಡಿದ. ಪಕ್ಕದ ಬಡಾವಣೆಯ ಕೊಳವೆ ಬಾವಿ, ಗುಡ್ಡದ ಹಿಂದಿನ ಒರತೆ, ರೈಲು ನಿಲ್ದಾಣದ ನಲ್ಲಿ, ಎಲ್ಲ ಕಡೆಯಿಂದ ಸೀಸೆ ತುಂಬಿಸಿ ತಂದ. ಮಂಚದ ಕೆಳಗೆ ಸೀಸೆ, ಕಿಟಕಿಯಲ್ಲಿ ಸೀಸೆ, ಬಟ್ಟೆ ಬೀರುವಿನೊಳಗೆ ಸೀಸೆ. ದಿನಾ ಊಟವಾದ ಮೇಲೆ ಇಬ್ಬರೂ ಮೇಜಿನ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂರೋರು. ಅವಳು ಒಂದು ಗುಟುಕು ಕುಡಿದು "ಉಪ್ಪು" ಅನ್ನೋಳು. ಅವನು ಹನಿ ಬಿಡೋನು. "ಕೆಂಪಾ?" "ಇನ್ನೂ ಹಳದಿನೇ." ನಡುವೆ ಏನೇನೋ ಮಾತು. ಅವನ ಚಿಕ್ಕಂದಿನ ಕಥೆ, ಅವಳು ಯಾವಾಗಲೋ ಕಳೆದುಕೊಂಡ ಓಲೆಯ ಕಥೆ. ಕೆಳಗಿನ ಮನೆಗೆ ಅವರ ನಗು ಕೇಳಿಸೋದು. "ನಿನ್ನ ತಂಗಿ ಮನೆ ರೇಡಿಯೋ ಕೊಂಡಿದ್ದಾರಾ?" ಅಂತ ನಮ್ಮ ಯಜಮಾನರು ಕೇಳಿದ್ದೂ ಉಂಟು.

ಆದರೆ ಅವಳು ಇಳೀತಾ ಬಂದಳು. ಊಟ ಸೇರಲ್ಲ ಅಂದರೆ, "ಉಪ್ಪು ನೀರಲ್ಲಿ ಬೇಯಿಸಿದ್ದು ಹೇಗೆ ಸೇರುತ್ತೆ?" ಅನ್ನೋನು. ಸುಸ್ತು ಅಂದರೆ ನೀರು. ಮುಖ ಊದಿದರೆ ನೀರು. "ಡಾಕ್ಟರಿಗೆ ತೋರಿಸೋಣ," ಅಂತ ನಾನಂದರೆ ಇಬ್ಬರೂ ಒಂದೇ ದನಿಯಲ್ಲಿ, "ಒಳ್ಳೆ ನೀರು ಸಿಕ್ಕಿದರೆ ಸರಿಹೋಗುತ್ತೆ," ಅನ್ನೋರು. ಅವರಿಬ್ಬರು ಅಷ್ಟು ಒಗ್ಗಟ್ಟಾಗಿದ್ದದ್ದನ್ನ ಕಂಡು ನಾನೇ ಬೆಪ್ಪಾಗಿ ಕೆಳಗಿಳಿದು ಬರ್ತಿದ್ದೆ.

ಕೊನೆಗೆ ಅವನು ಕಚೇರಿಗೆ ಹೋಗಿ ಬಟ್ಟಿ ಇಳಿಸಿದ ನೀರು ತಂದ. ಹಬೆ ಮಾಡಿ, ಆರಿಸಿ, ಹಿಡಿದ ನೀರು. ಅದರಲ್ಲಿ ಏನೂ ಇರಲ್ಲ, ಬರೀ ನೀರು. ಪರೀಕ್ಷೆ ಮಾಡೋರು ಮೊಟ್ಟಮೊದಲು ಈ ಬರೀ ನೀರಿಗೇ ಹನಿ ಬಿಟ್ಟು ನೋಡಬೇಕಂತೆ, ತಮ್ಮ ಗಾಜು, ತಮ್ಮ ಕಣ್ಣು, ತಮ್ಮ ಔಷಧ ಎಲ್ಲ ಸರಿಯಿದೆಯಾ ಅಂತ ತಿಳಿಯೋಕೆ. ಕೆಲಸಕ್ಕೆ ಸೇರಿದ ದಿನ ಕಲಿಸೋ ಪಾಠ ಅದು. ಹನಿಯಪ್ಪ ಆ ಪಾಠವನ್ನ ಕೊನೆಗಿಟ್ಟಿದ್ದ.

ಅವಳು ಕುಡಿದಳು. "ಇದೂ ಉಪ್ಪು ರೀ."

ಅವನು ಬುದ್ದಲಿಗೆ ಹಾಕಿ ಒಂದು ಹನಿ ಬಿಟ್ಟ. ಕೆಂಪು ಬಂದು ನಿಂತಿತು. ಅವಳ ಕಡೆ ನೋಡಿದ. ಅವಳು ಕುರ್ಚಿಗೆ ತಲೆ ಆನಿಸಿ, "ಕೆಂಪಾಯ್ತಲ್ಲ ರೀ," ಅಂದಳು.

ಅವನು ಮೆಟ್ಟಿಲಿಳಿದು ಬಂದು ನಮ್ಮ ಬಾಗಿಲಲ್ಲಿ ನಿಂತ. ಕೈಯಲ್ಲಿ ಆ ಬುದ್ದಲಿ ಹಾಗೇ ಇತ್ತು. "ಅತ್ತಿಗೆ," ಅಂದ. "ಇದು ಬರೀ ನೀರು ಅತ್ತಿಗೆ. ಇದರಲ್ಲಿ ಏನೂ ಇಲ್ಲ. ಅವಳಿಗೆ ಇದೂ ಉಪ್ಪಂತೆ." ಒಲೆಯ ಮೇಲೆ ಇದ್ದದ್ದನ್ನ ಹಾಗೇ ಬಿಟ್ಟು ಆಟೋ ಕರೆಯೋಕೆ ಓಡಿದೆ.

ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿ ಡಾಕ್ಟರು ಕನ್ನಡಕ ತೆಗೆದಿಟ್ಟರು. ಎರಡೂ ಕಿಡ್ನಿ ಸೋತುಹೋಗಿವೆ ಅಂದರು. ಬಾಯಿ ರುಚಿ ಕೆಡೋದು, ಕಾಲು ಊದೋದು, ಎಲ್ಲ ಅದರದ್ದೇ ಸೂಚನೆ. "ಎಂದಿನಿಂದ ಹೀಗಿದೆ?" ನಾನು ಹೇಳಿದೆ.

"ಇಷ್ಟು ಕಾಲ ಏನು ಮಾಡ್ತಿದ್ರಿ?"

"ಪರೀಕ್ಷೆ ಮಾಡ್ತಿದ್ದೆ ಸಾರ್," ಅಂದ ಹನಿಯಪ್ಪ.

"ಯಾವ ಪರೀಕ್ಷೆ? ಯಾರು ಬರೆದುಕೊಟ್ಟಿದ್ದು? ಎಲ್ಲಿ ರಿಪೋರ್ಟು?"

"ನೀರಿಂದು ಸಾರ್."

ಡಾಕ್ಟರು ಕನ್ನಡಕ ಹಾಕಿಕೊಂಡು ವಾರ್ಡಿಗೆ ಸೇರಿಸೋ ಚೀಟಿ ಬರೆದರು. ಹೊರಗೆ ಬಂದ ಮೇಲೆ ಅವನ ಮೈಚಳಿ ಬಿಡಿಸಬೇಕು ಅಂತ ನಾನು ಕುದೀತಿದ್ದೆ. ಬಂದು ನೋಡಿದರೆ ಅವನು ಗೋಡೆಗೆ ಮುಖ ಮಾಡಿ, ಜೀವಮಾನದಲ್ಲಿ ಮೊದಲ ಸಲ ಆ ಕಪ್ಪು ಬೆರಳುಗಳನ್ನ ಜೇಬಿನೊಳಗೆ ಬಚ್ಚಿಟ್ಟುಕೊಂಡು ನಿಂತಿದ್ದ. ಬೈಗುಳದ ಬದಲು ನನಗೆ ಅಳು ಬಂತು.

ಯಂತ್ರಕ್ಕೆ ಹಾಕಿ ರಕ್ತ ತೊಳೆದರು. ಅವಳ ಹೃದಯ ಅದನ್ನ ತಡೆಯಲಿಲ್ಲ, ದಿನದಿನಕ್ಕೆ ಹಾಸಿಗೆಯೊಳಗೆ ಇಳಿದುಹೋದಳು. ಎಲ್ಲಕ್ಕಿಂತ ಕ್ರೂರವಾದದ್ದು ಇನ್ನೊಂದಿತ್ತು. ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತೆ ಅಂತ ಅವಳಿಗೆ ಬೇಕಾದಷ್ಟು ನೀರು ಕೊಡೋ ಹಾಗಿರಲಿಲ್ಲ. ನರ್ಸು ಒಂದು ಪುಟ್ಟ ಲೋಟ ತೋರಿಸಿ, "ಇಡೀ ದಿನಕ್ಕೆ ಇಷ್ಟೇ," ಅಂದಳು. ಬೆಳಗ್ಗೆಯೇ ಅದು ಒಂದು ಗುಟುಕಿಗೆ ಮುಗಿದುಹೋಗೋದು. ಆಮೇಲೆ ಸಂಜೆಯವರೆಗೂ ಅವಳ ಕಣ್ಣು ನಲ್ಲಿಯ ಮೇಲೇ. ಮನೆ ತುಂಬ ಸೀಸೆ ಸೀಸೆ ನೀರು ತಂದಿಟ್ಟ ಗಂಡ ಪಕ್ಕದಲ್ಲೇ ಕೂತು ಅದನ್ನ ನೋಡಬೇಕಾಯ್ತು.

ಮರುದಿನ ಅವನು ಕಂಕುಳಲ್ಲಿ ಉದ್ದನೆಯ ಪೆಟ್ಟಿಗೆ ಇಟ್ಟುಕೊಂಡು ವಾರ್ಡಿಗೆ ಬಂದ. ಒಳಗೆ ಹೊಚ್ಚ ಹೊಸ ಬ್ಯೂರೆಟ್. ಇಂಜಿನಿಯರೇ ತೆಗೆದುಕೊಟ್ಟರಂತೆ, ಏನೂ ಕೇಳಲಿಲ್ಲವಂತೆ. ನಾನೇ ಅದನ್ನ ಕುದಿಯೋ ನೀರಲ್ಲಿ ತೊಳೆದು ತಂದೆ. ಅವನು ಸ್ಟ್ಯಾಂಡನ್ನ ಮಂಚಕ್ಕೆ ಬಿಗಿದು, ದಿನದ ನೀರನ್ನೆಲ್ಲ ಅದಕ್ಕೆ ತುಂಬಿ, ನಲ್ಲಿಯನ್ನ ಅವಳ ತುಟಿಯ ಮೇಲೆ ಬರೋ ಹಾಗೆ ತಿರುಗಿಸಿದ.

ನರ್ಸು ಓಡಿ ಬಂದಳು. "ಏನ್ರೀ ಇದು! ಆಸ್ಪತ್ರೇನಾ, ಪೆಟ್ರೋಲ್ ಬಂಕಾ?"

"ಸಿಸ್ಟರ್, ನೀವು ಕೊಟ್ಟಷ್ಟೇ ನೀರು. ಒಂದು ಹನಿ ಹೆಚ್ಚಿಲ್ಲ. ಗೀಟು ಹಾಕಿದೆ, ನೋಡಿಕೊಳ್ಳಿ. ಹನಿಹನಿಯಾಗಿ ಕೊಟ್ಟರೆ ಸಂಜೆವರೆಗೂ ಬರುತ್ತೆ."

ಡಾಕ್ಟರು ಬಂದು ನೋಡಿದರು. ಬೈತಾರೆ ಅಂದುಕೊಂಡೆವು. "ಇರಲಿ ಬಿಡಿ," ಅಂತ ಹೇಳಿ ಆ ಕಡೆ ತಿರುಗಿ ಹೋದರು. ಪಕ್ಕದ ಮಂಚದ ಅಜ್ಜಿ, "ನನಗೂ ಅಂಥದ್ದೊಂದು ಹಾಕಿಸಪ್ಪಾ," ಅಂತ ದುಂಬಾಲು ಬಿದ್ದಳು. ಕಟ್ಟಡದಿಂದ ನೋಡೋಕೆ ಬಂದ ಮೇಷ್ಟ್ರು ಬ್ಯೂರೆಟ್ ಕಡೆ ನೋಡಿ ಏನೋ ಹೇಳೋಕೆ ಹೋಗಿ, ಆ ದಿನ ನಿಜವಾಗಿಯೂ ಸುಮ್ಮನಿದ್ದರು. ಹನಿಯಪ್ಪ ಯಾರನ್ನೂ ಗಮನಿಸಲಿಲ್ಲ. ಬೆರಳ ತುದಿಯಲ್ಲಿ ನಲ್ಲಿ ತಿರುಗಿಸಿ ಒಂದು ಹನಿ ಬಿಡೋನು, ಅವಳು ನಾಲಗೆ ಚಾಚಿ ಹಿಡಿಯೋಳು, ಇಬ್ಬರೂ ಮುಂದಿನ ಹನಿಗೆ ಕಾಯೋರು.

ಒಂದು ಮಧ್ಯಾಹ್ನ ಹನಿ ನಾಲಗೆಯ ಮೇಲೆ ಬಿದ್ದ ಮೇಲೆ ಅವಳು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, "ರೀ," ಅಂದಳು. "ಉಪ್ಪಿಲ್ಲ ರೀ. ಸಪ್ಪೆ."

"ಏನಂದೆ?"

"ಸಪ್ಪೆ ಅಂದೆ."

"ಇನ್ನೊಂದು ಸಲ ಹೇಳು!"

"ಕಿವಿ ಕೇಳಲ್ವಾ ನಿಮಗೆ?" ಅಂತ ಅವಳು ನಕ್ಕಳು. ಅವನು ಕುರ್ಚಿ ಬೀಳಿಸಿಕೊಂಡು ಎದ್ದ. "ಸಿಸ್ಟರ್! ಡಾಕ್ಟ್ರೇ! ಸಪ್ಪೆಯಂತೆ!" ಅಂತ ವಾರ್ಡಿನ ಈ ತುದಿಯಿಂದ ಆ ತುದಿಗೆ ಓಡಿದ. ಅಜ್ಜಿ ಎದ್ದು ಕೂತು ಕೈ ಮುಗಿದಳು.

ತಂಗಿ ನನ್ನ ಸೆರಗು ಹಿಡಿದು ಹತ್ತಿರ ಎಳೆದುಕೊಂಡಳು. "ಅಕ್ಕಾ, ಸಮುದ್ರ ಕುಡಿದ ಹಾಗಿದೆ. ಅವರಿಗೆ ಹೇಳಬೇಡ."

"ಯಾಕೇ ಸುಳ್ಳು ಹೇಳಿದೆ?"

"ಇದೇನು ಮೊದಲನೇದಾ?" ಅಂದಳು. ಉಸಿರು ತೆಗೆದುಕೊಂಡು ತೆಗೆದುಕೊಂಡು ಹೇಳಿದಳು. "ಆ ಕೆಂಪು ನನಗೆ ದಿನಾ ಮೊದಲೇ ಕಾಣ್ತಿತ್ತಕ್ಕಾ. ಕೆಂಪಾಯ್ತು ಅಂದ್ರೆ ಮುಗೀತಲ್ಲ. ಎದ್ದು ವರಾಂಡಕ್ಕೆ ಹೋಗಿಬಿಡ್ತಿದ್ರು. ಅಷ್ಟು ಹತ್ತಿರ ಅವರು ಯಾವತ್ತು ಕೂತಿದ್ರು ಹೇಳು? ಆ ಬರೀ ನೀರಿನ ದಿನ ಮಾತ್ರ ಸುಳ್ಳು ಹೇಳೋಕೂ ತ್ರಾಣ ಇರಲಿಲ್ಲ."

ಮೇಜಿನ ಕೆಳಗೆ ನನ್ನ ಕಾಲು ತುಳಿದದ್ದು ನೆನಪಾಯ್ತು. ಅವಳ ಕೂದಲು ಸರಿಪಡಿಸ್ತಾ ಕೂತೆ. ಆ ವಾರವೇ ಅವಳು ಹೋದಳು. ಬ್ಯೂರೆಟ್‌ನಲ್ಲಿ ಆ ದಿನದ ನೀರು ಅರ್ಧ ಹಾಗೇ ಉಳಿದಿತ್ತು.

ಈಗ ಕಟ್ಟಡದಲ್ಲಿ ಎಲ್ಲರೂ ಅದೇ ತೊಟ್ಟಿಯ ನೀರನ್ನ ಏನೂ ಆಗದ ಹಾಗೆ ಕುಡೀತಿದ್ದಾರೆ. ಕಾರ್ಯದರ್ಶಿಯ ಕುಂಡಕ್ಕೆ ಹೊಸ ಗಿಡ ಬಂದಿದೆ. ಹನಿಯಪ್ಪ ಮತ್ತೆ ಕೆಲಸಕ್ಕೆ ಹೋಗ್ತಾನೆ. ಸಿಕ್ಕವರಿಗೆಲ್ಲ, "ಕೊನೇಲಿ ಅವಳ ಬಾಯಿಗೆ ಸಪ್ಪೆ ನೀರು ಸಿಕ್ತು, ಅಷ್ಟಾದರೂ ಮಾಡಿದೆ," ಅಂತಾನೆ, ಆಮೇಲೆ ನನ್ನ ಮುಖ ನೋಡ್ತಾನೆ. "ಹೌದು, ನನ್ನ ಮುಂದೆಯೇ ಅಂದಳು," ಅಂತೀನಿ.

ದಿನಾ ಊಟವಾದ ಮೇಲೆ ಮೇಲಿನಿಂದ, "ಅತ್ತಿಗೆ, ಒಂದು ನಿಮಿಷ ಬರ್ತೀರಾ?" ಅಂತ ಕೂಗ್ತಾನೆ. ಬೈಕೊಂಡು ಮೆಟ್ಟಿಲು ಹತ್ತುತ್ತೀನಿ. ಮೇಜಿನ ಮೇಲೆ ಬ್ಯೂರೆಟ್ ನಿಂತಿರುತ್ತೆ. ಅವಳ ಕುರ್ಚಿ ಖಾಲಿ ಇರುತ್ತೆ, ನಾನು ಅದರಲ್ಲಿ ಕೂರಲ್ಲ, ಪಕ್ಕದಲ್ಲಿ ನಿಲ್ತೀನಿ. ಅವನು ನಲ್ಲಿಯ ನೀರು ಬುದ್ದಲಿಗೆ ಹಾಕಿ, ಹನಿ ಬಿಡ್ತಾ, ಆ ಖಾಲಿ ಕುರ್ಚಿಯ ಕಡೆಯೇ ನೋಡ್ತಾ ಕೇಳ್ತಾನೆ.

"ಕೆಂಪಾಯ್ತಾ ಅತ್ತಿಗೆ?"

ಕೆಂಪಾಗಿ ಎಷ್ಟೋ ಹೊತ್ತಾಗಿರುತ್ತೆ.

"ಇಲ್ಲಪ್ಪಾ," ಅಂತೀನಿ. "ಇನ್ನೂ ಹಳದಿನೇ."